ಮೊದಲ ಹತ್ತು ಗಂಟೆಗಳನ್ನು ಎಷ್ಟು ನಂಬಬಹುದು? ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟ ಆರಿಸುವವರಿಗೊಂದು ಹೋಲಿಕೆ

ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟವೊಂದನ್ನು (ನಿಮ್ಮದೇ ಒಂದು ಪಾತ್ರ ಕಟ್ಟಿಕೊಂಡು, ಬಹಳ ಜನರೊಂದಿಗೆ ಒಂದೇ ಕಾಲ್ಪನಿಕ ಜಗತ್ತಿನಲ್ಲಿ ಆಡುವ ಆಟ) ಆರಿಸಿಕೊಳ್ಳುವುದೆಂದರೆ ಮುಂದಿನ ಹಲವು ತಿಂಗಳ ಬಿಡುವಿನ ವೇಳೆಯನ್ನು ಅದಕ್ಕೆ ಒಪ್ಪಿಸಿದಂತೆ. ಇಷ್ಟವಾದ ಆಟ ವರ್ಷಗಟ್ಟಲೆ ಜೊತೆಗಿರುತ್ತದೆ. ಇಷ್ಟವಾಗದ ಆಟವೂ ತನ್ನ ನಿಜಸ್ವರೂಪ ತೋರಿಸುವಷ್ಟರಲ್ಲಿ ಒಂದೆರಡು ವಾರಗಳನ್ನು ನುಂಗಿಬಿಡುತ್ತದೆ. ಆದ್ದರಿಂದ ಹೆಚ್ಚಿನ ಹೊಸಬರು ಮೊದಲ ಕೆಲವು ಗಂಟೆಗಳ ಅನುಭವವನ್ನೇ ನೆಚ್ಚಿಕೊಂಡು ಉಳಿಯುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಅದು ಸಹಜವೇ. ಆದರೆ ಹಲವು ಆಟಗಳನ್ನು ಮೊದಲಿನಿಂದ ಆಡಿ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಮೊದಲ ನೋಟ ಎಲ್ಲ ಆಟಗಳಲ್ಲೂ ಒಂದೇ ಪ್ರಮಾಣದಲ್ಲಿ ನಿಜ ಹೇಳುವುದಿಲ್ಲ. ಕೆಲವು ಆಟಗಳ ಆರಂಭ ಮುಂದಿನ ನೂರಾರು ಗಂಟೆಗಳ ಪ್ರಾಮಾಣಿಕ ಮಾದರಿಯಾಗಿರುತ್ತದೆ, ಕೆಲವದರ ಆರಂಭ ಮುಂದಿನ ಭಾಗಕ್ಕಿಂತ ಬಹಳ ಮಂದವಾಗಿರುತ್ತದೆ, ಇನ್ನು ಕೆಲವದರಲ್ಲಿ ಆರಂಭವೇ ಇಡೀ ಆಟದ ಅತ್ಯಂತ ನಯವಾದ ಭಾಗವಾಗಿರುತ್ತದೆ. ಯಾವ ಆಟ ಯಾವ ಗುಂಪಿಗೆ ಸೇರಿದ್ದು ಎಂಬುದು ಮೊದಲೇ ತಿಳಿದಿದ್ದರೆ, ಸಿಕ್ಕ ಅನುಭವವನ್ನು ಸರಿಯಾಗಿ ತೂಗಿ ನೋಡಬಹುದು.

ಇಲ್ಲಿ ನಾನು ಮುಖ್ಯವಾಗಿ ಐದು ಆಟಗಳನ್ನು ಎದುರುಬದುರು ಇಟ್ಟಿದ್ದೇನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ 14, ಗಿಲ್ಡ್ ವಾರ್ಸ್ 2, ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಮತ್ತು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಇವೆಲ್ಲವೂ ಹತ್ತು ವರ್ಷಕ್ಕೂ ಮೀರಿ ನಡೆದುಬಂದಿರುವ ಆಟಗಳು. ಹೊಚ್ಚಹೊಸ ಆಟಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಈ ಪ್ರಕಾರದಲ್ಲಿ ಬಿಡುಗಡೆಯ ತಿಂಗಳ ಸಂಭ್ರಮವನ್ನು ನೋಡಿ ಆಟದ ಆಯುಷ್ಯವನ್ನು ಊಹಿಸಲು ಬರುವುದಿಲ್ಲ. 2014ರ ಜೂನ್‌ನಲ್ಲಿ ಬಹಳ ನಿರೀಕ್ಷೆಯೊಂದಿಗೆ ಬಂದ ವೈಲ್ಡ್‌ಸ್ಟಾರ್ 2018ರ ನವೆಂಬರ್‌ನಲ್ಲಿ ಮುಚ್ಚಿಹೋಯಿತು, ಅದರಲ್ಲಿ ಜನ ಕಟ್ಟಿಕೊಂಡ ಮನೆಗಳೂ ಪಾತ್ರಗಳೂ ಅದರೊಂದಿಗೇ ಹೋದವು.

ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಮೊದಲ ಗಂಟೆಯಲ್ಲೇ ಸಿಗುವ ಮತ್ತು ಕೊನೆಯವರೆಗೂ ಬಹುಮಟ್ಟಿಗೆ ಬದಲಾಗದ ಗುಣವೆಂದರೆ ಕೈಗೆ ಸಿಗುವ ಲಯ. ವಾರ್‌ಕ್ರಾಫ್ಟ್‌ನಲ್ಲಿ ಒಂದು ಕೌಶಲವನ್ನು ಪ್ರಯೋಗಿಸಿದ ಮೇಲೆ ಮುಂದಿನದಕ್ಕೆ ಸಾಮಾನ್ಯವಾಗಿ 1.5 ಸೆಕೆಂಡು ಕಾಯಬೇಕು, ಫೈನಲ್ ಫ್ಯಾಂಟಸಿಯಲ್ಲಿ ಆ ಕಾಯುವಿಕೆ 2.5 ಸೆಕೆಂಡು. ಒಂದು ಸೆಕೆಂಡಿನ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ, ಬೆರಳುಗಳಿಗೆ ಅದು ಎರಡು ಬೇರೆ ಸಂಗೀತಗಳಷ್ಟು ದೂರದ್ದು. ಗಿಲ್ಡ್ ವಾರ್ಸ್ 2ರಲ್ಲಿ ಓಡುತ್ತಲೇ ಹೊಡೆಯಬೇಕು, ಸರಿಯಾದ ಹೊತ್ತಿಗೆ ಉರುಳಿ ಪೆಟ್ಟು ತಪ್ಪಿಸಿಕೊಳ್ಳಬೇಕು. ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ಮೌಸ್‌ನ ಪ್ರತಿ ಕ್ಲಿಕ್ಕೂ ಒಂದು ಕತ್ತಿಯ ಬೀಸು. ರೂನ್‌ಸ್ಕೇಪ್ ಇಡೀ ಜಗತ್ತನ್ನು 0.6 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿಟ್ಟಿದೆ. ನೀವು ಎಷ್ಟೇ ಬೇಗ ಕ್ಲಿಕ್ ಮಾಡಿದರೂ ನಿಮ್ಮ ಪಾತ್ರ ಆ ತಾಳಕ್ಕೇ ಹೆಜ್ಜೆ ಹಾಕುತ್ತದೆ. ಈ ಲಯ ನಿಮಗೆ ಒಗ್ಗದಿದ್ದರೆ ಮುಂದೆ ಒಗ್ಗುವ ಸಂಭವ ಕಡಿಮೆ. ಇಲ್ಲಿ ಮೊದಲ ನೋಟವನ್ನು ಧೈರ್ಯವಾಗಿ ನಂಬಿ, ಫೈನಲ್ ಫ್ಯಾಂಟಸಿಯೊಂದನ್ನು ಬಿಟ್ಟು. ಅದರ ಕಾರಣ ಮುಂದೆ ಬರುತ್ತದೆ.

ಕಷ್ಟದ ಮಟ್ಟವನ್ನು ಮಾತ್ರ ನಂಬಬೇಡಿ. ಹೊಸಬರು ಬೆದರಿ ಓಡಬಾರದೆಂದು ಈಗಿನ ಬಹುತೇಕ ಎಲ್ಲ ಆಟಗಳೂ ಆರಂಭವನ್ನು ತೀರಾ ಸುಲಭ ಮಾಡಿಟ್ಟಿವೆ. ಹತ್ತು ಗಂಟೆ ಆಡಿ ‘ಇಲ್ಲಿ ಸವಾಲೇ ಇಲ್ಲ’ ಎನ್ನುವವರು ಇನ್ನೂ ಸವಾಲಿನ ಹೊಸ್ತಿಲನ್ನೂ ಮುಟ್ಟಿರುವುದಿಲ್ಲ. ಹಾಗೆಯೇ ಜನಸಂದಣಿಯನ್ನು ನೋಡಿ ಆಟ ಜೀವಂತವಾಗಿದೆಯೋ ಇಲ್ಲವೋ ಎಂದು ಅಳೆಯಬೇಡಿ. ಹಳಬರೆಲ್ಲ ಮುಂದಿನ ಪ್ರದೇಶಗಳಲ್ಲಿ ಇರುವುದರಿಂದ ಚೆನ್ನಾಗಿ ನಡೆಯುತ್ತಿರುವ ಆಟದಲ್ಲೂ ಮೊದಲ ಹಳ್ಳಿ ಭಣಗುಡಬಹುದು.

ಆರಂಭವೇ ಮಂದವಾದ ಆಟ

ಫೈನಲ್ ಫ್ಯಾಂಟಸಿ 14ರ ವಿಷಯದಲ್ಲಿ ಮೊದಲ ನೋಟ ಎಷ್ಟು ದೊಡ್ಡ ಮಾತಾಯಿತು ಎಂಬುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. 2010ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಮೊದಲ ಆವೃತ್ತಿ ಎಷ್ಟು ಕೆಟ್ಟ ಹೆಸರು ಪಡೆಯಿತೆಂದರೆ, ತಯಾರಕರು ತಂಡದ ಹೊಣೆಯನ್ನು ನವೋಕಿ ಯೋಶಿಡಾ ಅವರಿಗೆ ವಹಿಸಿ, 2012ರ ನವೆಂಬರ್‌ನಲ್ಲಿ ಸರ್ವರ್‌ಗಳನ್ನೇ ಮುಚ್ಚಿ, 2013ರ ಆಗಸ್ಟ್‌ನಲ್ಲಿ ಆಟವನ್ನು ಬುಡದಿಂದ ಕಟ್ಟಿ ಮತ್ತೆ ತಂದರು. ಹಳೆಯ ಜಗತ್ತು ಕೊನೆಗೊಂಡದ್ದನ್ನು ಕಥೆಯ ಒಳಗೇ ಸೇರಿಸಿದರು: ಆಕಾಶದಿಂದ ಒಂದು ಚಂದ್ರ ಕೆಳಗೆ ಬಿದ್ದು ನಾಡು ನಾಶವಾಯಿತು ಎಂದು. ತಮ್ಮ ಸೋಲನ್ನು ಅಡಗಿಸಿಡದೆ ಅದರ ಮೇಲೆಯೇ ಹೊಸ ಕಥೆ ಕಟ್ಟಿದ ಈ ನಿರ್ಧಾರವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಇಷ್ಟಾದರೂ ಇಂದು ಅದನ್ನು ತೆರೆಯುವ ಹೊಸಬರಿಗೆ ಮೊದಲ ಹತ್ತು ಗಂಟೆಗಳು ನಿಧಾನವಾಗಿಯೇ ಸಾಗುತ್ತವೆ. ಆಯ್ದುಕೊಂಡ ವೃತ್ತಿಗೆ ಅನುಗುಣವಾಗಿ ಮೂರು ನಗರಗಳಲ್ಲಿ ಒಂದರಿಂದ ಪಯಣ ಶುರುವಾಗುತ್ತದೆ. ಅಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸುವುದು, ನಾಲ್ಕು ಪ್ರಾಣಿಗಳನ್ನು ಕೊಲ್ಲುವುದು, ಮತ್ತೆ ಹಿಂದಿರುಗಿ ಉದ್ದನೆಯ ಸಂಭಾಷಣೆ ಓದುವುದು, ಇವೇ ಮರಳಿ ಮರಳಿ ಬರುತ್ತವೆ. ಕೌಶಲಗಳು ಇನ್ನೂ ಕೈಗೆ ಬಂದಿರುವುದಿಲ್ಲವಾದ್ದರಿಂದ 2.5 ಸೆಕೆಂಡಿನ ಅಂತರ ಖಾಲಿಖಾಲಿಯಾಗಿ ಕಾಣುತ್ತದೆ. ಮುಂದೆ ಇದೇ ಅಂತರದ ನಡುವೆ ಒಂದೆರಡು ಬೇರೆ ಕೌಶಲಗಳನ್ನು ತೂರಿಸಬೇಕಾಗಿ ಬಂದಾಗ ಆ ಲಯ ತುಂಬಿಕೊಂಡು ನಿಜವಾದ ಸೊಗಸು ಕಾಣಿಸುತ್ತದೆ, ಆದರೆ ಅದು ಮೊದಲ ವಾರಾಂತ್ಯದಲ್ಲಿ ಆಗುವ ಮಾತಲ್ಲ. 2020ರ ಆಗಸ್ಟ್‌ನಲ್ಲಿ ಈ ಆರಂಭದ ಕಥೆಯಿಂದ ಹಲವು ಕ್ವೆಸ್ಟ್‌ಗಳನ್ನು (ಆಟ ಒಪ್ಪಿಸುವ ಕೆಲಸಗಳನ್ನು) ಕಿತ್ತುಹಾಕಿ ಹಗುರ ಮಾಡಿದ್ದಾರೆ. ಹಾಗಿದ್ದೂ ಕಥೆ ಮೈದುಂಬಿಕೊಳ್ಳುವುದು 2015ರ ಹೆವೆನ್ಸ್‌ವರ್ಡ್ ಎಂಬ ಮೊದಲ ಎಕ್ಸ್‌ಪ್ಯಾನ್ಶನ್‌ಗೆ (ಆಟಕ್ಕೆ ಆಮೇಲೆ ಸೇರಿಸಿದ ದೊಡ್ಡ ಹೊಸ ಭಾಗಕ್ಕೆ) ಕಾಲಿಟ್ಟ ಮೇಲೆಯೇ ಎಂಬುದು ನನ್ನ ಅಭಿಪ್ರಾಯ.

ಮುಖ್ಯ ಕಥೆಯನ್ನು ಮುಗಿಸದೆ ಇಲ್ಲಿ ಹೊಸ ಪ್ರದೇಶಗಳೂ ಡಂಜನ್‌ಗಳೂ (ಚಿಕ್ಕ ತಂಡವಾಗಿ ಹೊಕ್ಕು ಗೆಲ್ಲಬೇಕಾದ ಅಪಾಯದ ತಾಣಗಳು) ತೆರೆದುಕೊಳ್ಳುವುದಿಲ್ಲ ಎಂಬುದನ್ನು ಗಂಭೀರವಾಗಿ ಪರಿಗಣಿಸಬೇಕು. ಸಂಭಾಷಣೆಗಳನ್ನು ದಾಟಿಸಿ ಓಡುವ ಅಭ್ಯಾಸವಿರುವವರಿಗೆ ಇದು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಕಾದಂಬರಿಯ ಮೊದಲ ನೂರು ಪುಟಗಳ ನಿಧಾನವನ್ನು ಸಹಿಸಬಲ್ಲವರಿಗೆ ಮಾತ್ರ ಇಷ್ಟು ಧಾರಾಳವಾದ ಆಟ ಬೇರೊಂದಿಲ್ಲ: ಒಂದೇ ಪಾತ್ರ ಎಲ್ಲ ವೃತ್ತಿಗಳನ್ನೂ ಕಲಿಯಬಹುದು, ಕೈಯಲ್ಲಿನ ಆಯುಧ ಬದಲಾದೊಡನೆ ವೃತ್ತಿಯೂ ಬದಲಾಗುತ್ತದೆ. ಹೊಸಬರ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಮೊಳಕೆಯ ಗುರುತು ಕಾಣಿಸುತ್ತದೆ. ಹಳಬರು ಹಳೆಯ ಡಂಜನ್‌ಗಳನ್ನು ಹೊಸಬರ ಜೊತೆ ಮತ್ತೆ ಆಡಿದರೆ ಅವರಿಗೂ ಹೆಚ್ಚುವರಿ ಪ್ರತಿಫಲ ಸಿಗುವಂತೆ ವ್ಯವಸ್ಥೆ ಇದೆ. ಅಪರಿಚಿತರು ನಿಮ್ಮ ತಪ್ಪುಗಳನ್ನು ತಾಳ್ಮೆಯಿಂದ ನೋಡುವುದಕ್ಕೆ ಅವರ ಒಳ್ಳೆಯತನದಷ್ಟೇ ಈ ವ್ಯವಸ್ಥೆಯೂ ಕಾರಣ. ಅಪರಿಚಿತರೊಡನೆ ಆಡಲು ಸಂಕೋಚವಿದ್ದರೆ ಮುಖ್ಯ ಕಥೆಯ ಡಂಜನ್‌ಗಳನ್ನು ಕಂಪ್ಯೂಟರ್ ನಡೆಸುವ ಸಂಗಾತಿಗಳೊಡನೆಯೂ ಮುಗಿಸಬಹುದು.

ಮೊದಲ ಗಂಟೆಯಲ್ಲೇ ತನ್ನನ್ನು ತೋರಿಸಿಕೊಡುವ ಆಟ

ಗಿಲ್ಡ್ ವಾರ್ಸ್ 2 ಇದಕ್ಕೆ ನೇರ ವಿರುದ್ಧ. 2012ರ ಆಗಸ್ಟ್‌ನಲ್ಲಿ ಬಂದ ಈ ಆಟದ ಗರಿಷ್ಠ ಲೆವೆಲ್ (ಪಾತ್ರದ ಬೆಳವಣಿಗೆಯ ಮೆಟ್ಟಿಲು) ಅಂದು 80, ಇಂದೂ 80. ಅದಕ್ಕಿಂತ ಕೆಳಗಿನ ಪ್ರದೇಶಕ್ಕೆ ಬಂದವರ ಶಕ್ತಿಯನ್ನು ಆಟ ತಾನಾಗಿಯೇ ಆ ಪ್ರದೇಶದ ಮಟ್ಟಕ್ಕೆ ಇಳಿಸುತ್ತದೆ, ಹೀಗಾಗಿ ಹಳಬರಿಗೂ ಮೊದಲ ನಕ್ಷೆಗಳು ವ್ಯರ್ಥವಾಗುವುದಿಲ್ಲ. ಮಾನವ ಪಾತ್ರಗಳು ಮೊದಲು ಕಾಲಿಡುವ ಕ್ವೀನ್ಸ್‌ಡೇಲ್‌ನ ಜೌಗುಭೂಮಿಯಲ್ಲಿ ನಿಯತ ಅವಧಿಗೊಮ್ಮೆ ಶ್ಯಾಡೋ ಬೆಹೆಮತ್ ಎಂಬ ದೈತ್ಯ ಎದ್ದು ಬರುತ್ತದೆ. ಆಗ ಹದಿನೈದನೆಯ ಲೆವೆಲ್ಲಿನ ಹೊಸಬರ ಪಕ್ಕದಲ್ಲೇ ಹತ್ತು ವರ್ಷ ಆಡಿದವರೂ ನಿಂತು ಹೋರಾಡುವುದನ್ನು ನೋಡಬಹುದು. ಈ ಆಟ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಆ ಜೌಗಿನವರೆಗೆ ಒಂದು ಸಲ ಹೋಗಿಬನ್ನಿ.

ಈ ಆಟದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅಪರಿಚಿತರ ಬಗ್ಗೆ ಅದು ತೆಗೆದುಕೊಂಡಿರುವ ನಿಲುವು. ಹಳೆಯ ಕಾಲದ ಆಟಗಳಲ್ಲಿ ನೀವು ಹೊಡೆಯುತ್ತಿದ್ದ ಪ್ರಾಣಿಯ ಬಳಿಗೆ ಇನ್ನೊಬ್ಬರು ಬಂದರೆ, ನೀವು ಕಂಡ ಅದಿರಿನ ಬಂಡೆಯತ್ತ ಇನ್ನೊಬ್ಬರು ಓಡಿದರೆ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು, ಏಕೆಂದರೆ ಸಿಗುವುದು ಒಬ್ಬರಿಗೆ ಮಾತ್ರ. ಇಲ್ಲಿ ಒಂದೇ ಶತ್ರುವನ್ನು ಹೊಡೆದ ಎಲ್ಲರಿಗೂ ಅವರವರ ಪ್ರತಿಫಲ ಪ್ರತ್ಯೇಕವಾಗಿ ಸಿಗುತ್ತದೆ, ಅದಿರೂ ಮರವೂ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉಳಿದಿರುತ್ತವೆ, ಬಿದ್ದವರನ್ನು ಎತ್ತಿ ನಿಲ್ಲಿಸಿದರೆ ಎತ್ತಿದವರಿಗೂ ಅನುಭವದ ಅಂಕ ಬರುತ್ತದೆ. ಹೀಗಾಗಿ ದೂರದಿಂದ ಯಾರೋ ಓಡಿ ಬರುತ್ತಿದ್ದಾರೆ ಎಂದರೆ ಅದು ಸಂತಸದ ಸುದ್ದಿ. ಗುಂಪು ಸೇರದೆ, ಒಂದು ಮಾತೂ ಆಡದೆ ಜೊತೆಯಾಗಿ ಕೆಲಸ ಮಾಡುವ ಈ ಬಗೆ ಸಂಕೋಚ ಸ್ವಭಾವದವರಿಗೆ ದೊಡ್ಡ ನೆಮ್ಮದಿ.

ಇದರ ಆರಂಭ ಒಂದು ವಿಷಯವನ್ನು ಮಾತ್ರ ಮುಚ್ಚಿಡುತ್ತದೆ. ಎಂಬತ್ತನೆಯ ಲೆವೆಲ್ ಮುಟ್ಟಿದ ಮೇಲೆ ಆಟ ನಿಮ್ಮನ್ನು ಕೈಹಿಡಿದು ನಡೆಸುವುದನ್ನು ನಿಲ್ಲಿಸಿಬಿಡುತ್ತದೆ. ಅಸೆಂಡೆಡ್ ಎಂಬ ದರ್ಜೆಯ ಆಯುಧ, ಕವಚಗಳ ಬಲವನ್ನು ಮೀರಿದ ಸಲಕರಣೆಗಳು ಆ ದರ್ಜೆ ಬಂದಾಗಿನಿಂದ ಇಂದಿನವರೆಗೂ ಬಂದಿಲ್ಲ. ಎರಡು ವರ್ಷ ಬಿಟ್ಟು ಮರಳಿದವರ ಕವಚ ಆಗಲೂ ಅಷ್ಟೇ ಗಟ್ಟಿಯಾಗಿರುತ್ತದೆ. ಬಿಟ್ಟುಬಿಟ್ಟು ಆಡುವವರಿಗೆ ಇದು ವರ. ಪ್ರತಿ ತಿಂಗಳೂ ತಮ್ಮ ಪಾತ್ರ ಬಲವಾಗುತ್ತಿರಬೇಕು ಎಂದು ಬಯಸುವವರಿಗೆ ಇದೇ ಕಾರಣಕ್ಕೆ ‘ಇನ್ನೇನು ಮಾಡಲಿ’ ಎನ್ನಿಸುತ್ತದೆ. ತಿಂಗಳ ಚಂದಾ ಇಲ್ಲ. ಮೂಲ ಆಟ 2015ರಿಂದ ಉಚಿತವಾಗಿದೆ, ಚಾಟ್ ಮತ್ತು ವ್ಯಾಪಾರದ ಮೇಲೆ ಕೆಲವು ನಿರ್ಬಂಧಗಳಿವೆ. ಎಕ್ಸ್‌ಪ್ಯಾನ್ಶನ್‌ಗಳನ್ನು ಒಮ್ಮೆ ಕೊಂಡರೆ ಸಾಕು.

ನಯವಾದ ದಾರಿ, ಆಮೇಲೆ ಕವಲುಗಳು

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರ್‌ನಲ್ಲಿ ಬಂದದ್ದು. 2020ರಲ್ಲಿ ಅದಕ್ಕೆ ಎಕ್ಸೈಲ್ಸ್ ರೀಚ್ ಎಂಬ ಹೊಸ ಆರಂಭದ ದ್ವೀಪವನ್ನು ಸೇರಿಸಿದರು. ಹಡಗು ಒಡೆದು ದಡ ಸೇರುವುದರಿಂದ ಹಿಡಿದು ಕೊನೆಯ ಚಿಕ್ಕ ಡಂಜನ್‌ವರೆಗೆ, ಮೊದಲ ಹತ್ತು ಲೆವೆಲ್‌ಗಳನ್ನು ಅದು ಅಚ್ಚುಕಟ್ಟಾಗಿ ಕಲಿಸಿಕೊಡುತ್ತದೆ. ಹೊಸಬರಿಗೆ ಕಲಿಸುವ ಕಲೆಯಲ್ಲಿ ಈ ಐದು ಆಟಗಳ ಪೈಕಿ ಮೊದಲ ಸ್ಥಾನವನ್ನು ನಾನು ಈ ದ್ವೀಪಕ್ಕೇ ಕೊಡುತ್ತೇನೆ. ಸಮಸ್ಯೆ ಇರುವುದು ದ್ವೀಪದಿಂದ ಹೊರಬಂದ ಮೇಲೆ. ಎರಡು ದಶಕಗಳ ಎಕ್ಸ್‌ಪ್ಯಾನ್ಶನ್‌ಗಳು ಒಂದರ ಮೇಲೊಂದು ಪೇರಿಸಿಕೊಂಡಿವೆ. ಕಾಲಾನುಕ್ರಮದಲ್ಲಿ ಕಥೆಯನ್ನು ಹಿಡಿಯಲು ಹೊರಟವರು ಒಂದು ಎಕ್ಸ್‌ಪ್ಯಾನ್ಶನ್ ಮುಗಿಸುವ ಮೊದಲೇ ಲೆವೆಲ್ ಏರಿ ಮುಂದಿನದಕ್ಕೆ ತಳ್ಳಲ್ಪಡುತ್ತಾರೆ. ಇಲ್ಲಿ ಕಥೆ ಒಂದು ನದಿಯಂತೆ ಹರಿಯದೆ ಕೆರೆಗಳ ಸಾಲಿನಂತೆ ಬಿಡಿಬಿಡಿಯಾಗಿ ಸಿಗುತ್ತದೆ. ಜನ ಈ ಆಟಕ್ಕೆ ಮರಳಿ ಮರಳಿ ಬರುವುದು ಬಹಳಮಟ್ಟಿಗೆ ಡಂಜನ್ ಮತ್ತು ರೇಡ್‌ಗಳಿಗಾಗಿ (ದೊಡ್ಡ ತಂಡ ಸೇರಿ ಆಡುವ ಕಠಿಣ ಕಾದಾಟಗಳಿಗಾಗಿ), ಅವುಗಳ ರಚನೆಯಲ್ಲಿ ತಯಾರಕರಿಗಿರುವ ಹಿಡಿತ ಅಸಾಧಾರಣವಾದದ್ದು. ಆ ರುಚಿ ಮೊದಲ ಇಪ್ಪತ್ತು ಲೆವೆಲ್‌ಗಳ ಉಚಿತ ಭಾಗದಲ್ಲಿ ಸಿಗುವುದಿಲ್ಲ ಎಂಬುದೇ ತೊಡಕು. ಪೂರ್ತಿ ಆಡಲು ತಿಂಗಳ ಚಂದಾ ಬೇಕು, ಹೊಚ್ಚಹೊಸ ಎಕ್ಸ್‌ಪ್ಯಾನ್ಶನ್‌ಗೆ ಬೇರೆ ಹಣ ಕೊಡಬೇಕು.

ಅದೇ ಚಂದಾದಲ್ಲಿ ಆಟದ ಹಳೆಯ ರೂಪವನ್ನು ಮರಳಿ ತಂದ, 2019ರಲ್ಲಿ ಬಂದ ಕ್ಲಾಸಿಕ್ ಆವೃತ್ತಿಯೂ ಸಿಗುತ್ತದೆ. ಅದರ ಮೊದಲ ಗಂಟೆ ಇದಕ್ಕಿಂತ ಒರಟು: ಮೂರು ತೋಳಗಳು ಒಟ್ಟಿಗೆ ಬಂದರೆ ಸಾವು ಖಚಿತ, ದಾರಿಯನ್ನು ನಡೆದೇ ಸವೆಸಬೇಕು. ಆದರೆ ಆ ಒರಟುತನ ಕೊನೆಯವರೆಗೂ ಹಾಗೇ ಇರುವುದರಿಂದ, ಮೊದಲ ನೋಟದ ಪ್ರಾಮಾಣಿಕತೆಯಲ್ಲಿ ಅದು ತನ್ನ ಹೊಸ ಅಣ್ಣನಿಗಿಂತ ಮೇಲು.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಒಬ್ಬಂಟಿಯಾಗಿ ಆಡುವವರಿಗೆ ಹೇಳಿ ಮಾಡಿಸಿದ್ದು. 2014ರ ಏಪ್ರಿಲ್‌ನಲ್ಲಿ ಚಂದಾ ಆಟವಾಗಿ ಬಂದು, 2015ರ ಮಾರ್ಚ್‌ನಲ್ಲಿ ಆ ಕಡ್ಡಾಯವನ್ನು ಕೈಬಿಟ್ಟು, 2016ರ ಅಕ್ಟೋಬರ್‌ನಲ್ಲಿ ಇಡೀ ಜಗತ್ತನ್ನು ಎಲ್ಲ ಲೆವೆಲ್‌ಗಳಿಗೂ ತೆರೆದಿಟ್ಟಿತು. ಅಂದಿನಿಂದ ಮೊದಲ ದಿನವೇ ಯಾವ ದಿಕ್ಕಿಗಾದರೂ ಹೋಗಬಹುದು. ಕ್ವೆಸ್ಟ್ ಕೊಡುವ ಪ್ರತಿಯೊಬ್ಬರಿಗೂ ಧ್ವನಿ ಇದೆ, ಸಣ್ಣ ಹಳ್ಳಿಯ ಜಗಳಕ್ಕೂ ಒಂದು ಪೂರ್ತಿ ಕಥೆ ಇದೆ, ಮತ್ತು ಈ ಗುಣ ನೂರನೆಯ ಗಂಟೆಯಲ್ಲೂ ಕುಂದುವುದಿಲ್ಲ. ಕಾದಾಟದ ಸುಲಭತೆಯೂ ಬಹುಪಾಲು ಹಾಗೇ ಉಳಿಯುತ್ತದೆ. ತೆರೆದ ಬಯಲಿನ ಕಥೆಗಳಲ್ಲಿ ದೊಡ್ಡ ಖಳನಾಯಕನೂ ನಾಲ್ಕು ಪೆಟ್ಟಿಗೆ ಬೀಳುತ್ತಾನೆ. ಕಷ್ಟ ಬೇಕೆಂದವರು ಡಂಜನ್‌ಗಳ ಕಡೆ ಹೊರಳಬೇಕು. ಮೊದಲ ನೋಟಕ್ಕೆ ಕಾಣದ ಇನ್ನೊಂದು ತೊಂದರೆ ಚೀಲದ್ದು. ದಾರಿಯಲ್ಲಿ ಕಂಡ ಗಿಡ, ಅದಿರು, ಚರ್ಮಗಳನ್ನೆಲ್ಲ ಎತ್ತಿಕೊಂಡರೆ ಕೆಲವೇ ದಿನಗಳಲ್ಲಿ ಚೀಲ ತುಂಬುತ್ತದೆ, ಆ ಸಾಮಗ್ರಿಗಳಿಗೆ ಮಿತಿಯಿಲ್ಲದ ಜಾಗ ಸಿಗುವುದು ಐಚ್ಛಿಕ ಚಂದಾ ಕಟ್ಟಿದವರಿಗೆ ಮಾತ್ರ. ಕರಕುಶಲದಲ್ಲಿ ಆಸಕ್ತಿ ಇದ್ದವರು ಇದನ್ನು ‘ಐಚ್ಛಿಕ’ ಎಂದು ಕರೆಯಲು ಹಿಂಜರಿಯುತ್ತಾರೆ.

ಕಣ್ಣಿಗೆ ಹಿಡಿಸದ, ಆದರೆ ನಿಜ ಹೇಳುವ ಆಟ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಹೊರನೋಟಕ್ಕೆ ಸೋಲುತ್ತದೆ. ರೂನ್‌ಸ್ಕೇಪ್‌ನ 2007ರ ಆಗಸ್ಟ್‌ನ ಒಂದು ಹಳೆಯ ಪ್ರತಿಯನ್ನು ಆಧರಿಸಿ 2013ರ ಫೆಬ್ರವರಿಯಲ್ಲಿ ಮರುಜನ್ಮ ಪಡೆದ ಈ ಆಟದ ಮುಖಗಳು ಮೂಲೆಮೂಲೆಯಾಗಿವೆ, ಮರಗಳು ಮಕ್ಕಳ ಚಿತ್ರದಂತಿವೆ. ಕಲಿಕೆಯ ದ್ವೀಪ ಮುಗಿಸಿ ಲುಂಬ್ರಿಜ್‌ನ ಕೋಟೆಯ ಬಳಿ ಬಂದು ನಿಂತಾಗ ಮುಂದೇನು ಎಂದು ತೋರಿಸುವ ಬಾಣದ ಗುರುತಾಗಲಿ, ಆಯ್ಕೆಯಾದ ನಾಯಕ ನೀವೇ ಎಂಬ ಘೋಷಣೆಯಾಗಲಿ ಇರುವುದಿಲ್ಲ. ಕೋಟೆಯ ಅಡುಗೆಯವನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡುವುದು ಹೆಚ್ಚಿನವರ ಮೊದಲ ಕ್ವೆಸ್ಟ್. ಹಿಟ್ಟಿಗಾಗಿ ಗೋಧಿ ಕೊಯ್ದು, ಗಿರಣಿಯ ಮೇಲ್ಮಹಡಿಗೆ ಹತ್ತಿ ಸುರಿದು, ಕೆಳಗಿಳಿದು ಮಡಕೆಯಲ್ಲಿ ತುಂಬಿಕೊಳ್ಳಬೇಕು. ಇದನ್ನು ಮಾಡುವಾಗ ನಿಮಗೆ ಬೇಸರವಾದರೆ ಆಟವನ್ನು ಅಲ್ಲಿಗೇ ಬಿಡಿ, ಏಕೆಂದರೆ ಇಡೀ ಆಟ ಇದೇ ಬಗೆಯ ಕೆಲಸ. ಒಂದು ಬಗೆಯ ಶಾಂತಿ ಸಿಕ್ಕಿದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಸಮಯದ ಲೆಕ್ಕವನ್ನು ಮಾತ್ರ ಮೊದಲೇ ತಿಳಿದಿರಬೇಕು. ಒಂದು ಕೌಶಲದಲ್ಲಿ 99ನೆಯ ಲೆವೆಲ್ ಮುಟ್ಟಲು 1,30,34,431 ಅನುಭವಾಂಕಗಳು ಬೇಕು, ಮತ್ತು ಅದರ ಅರ್ಧ ದಾರಿ ಬರುವುದು 50ರಲ್ಲಲ್ಲ, 92ರಲ್ಲಿ. ಮೊದಲ ದಿನ ಪಟಪಟನೆ ಏರಿದ ಲೆವೆಲ್‌ಗಳನ್ನು ನೋಡಿ ಮುಂದಿನ ವೇಗವನ್ನು ಊಹಿಸುವವರಿಗೆ ಈ ಅಂಕಿಗಳೇ ಎಚ್ಚರಿಕೆ. ಇದರ ಜೊತೆಗೆ ಆಟಕ್ಕೆ ಒಂದು ಅಪರೂಪದ ಸಂವಿಧಾನವೂ ಇದೆ: ಮುಖ್ಯ ಬದಲಾವಣೆಗಳನ್ನು ಆಟಗಾರರ ಮತಕ್ಕೆ ಹಾಕುತ್ತಾರೆ, ಮೊದಲು ಶೇ. 75ರಷ್ಟು ಒಪ್ಪಿಗೆ ಬೇಕಿತ್ತು, 2022ರಿಂದ ಶೇ. 70 ಸಾಕು. ಆಟ ತಮ್ಮ ಕೈತಪ್ಪಿ ಬೇರೇನೋ ಆಗಿಬಿಡುವ ಭಯ ಇದರಿಂದ ಹಳಬರಿಗೆ ಬಹಳಷ್ಟು ಕಡಿಮೆ. ಉಚಿತ ಭಾಗ ವಿಶಾಲವಾಗಿದೆ, ಪೂರ್ಣ ಜಗತ್ತಿಗೆ ಸದಸ್ಯತ್ವ ಬೇಕು.

ಸ್ವಲ್ಪದರಲ್ಲಿ ಇನ್ನೆರಡು ಆಟಗಳ ಮಾತು. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ 2003ರಿಂದ ನಡೆಯುತ್ತಿದೆ. ಅಲ್ಲಿ ನಾಶವಾದ ಹಡಗು ಮರಳಿ ಬರುವುದಿಲ್ಲ, ಕೌಶಲಗಳು ನೀವು ಆಟದಲ್ಲಿ ಇಲ್ಲದಾಗಲೂ ನಿಜವಾದ ಗಡಿಯಾರಕ್ಕೆ ತಕ್ಕಂತೆ ಬೆಳೆಯುತ್ತವೆ. ಅದರ ಸ್ವಾರಸ್ಯವೆಲ್ಲ ಜನರ ಒಕ್ಕೂಟಗಳಲ್ಲಿ ಇರುವುದರಿಂದ ಒಬ್ಬಂಟಿಯಾಗಿ ಕಳೆದ ಹತ್ತು ಗಂಟೆಗಳಿಂದ ಏನೂ ತಿಳಿಯುವುದಿಲ್ಲ. ಲಾಸ್ಟ್ ಆರ್ಕ್‌ನ ಆರಂಭ ಚಲನಚಿತ್ರದಷ್ಟು ರಭಸದ್ದು, ಆದರೆ 50ನೆಯ ಲೆವೆಲ್ ದಾಟಿದ ಮೇಲೆ ಮುನ್ನಡೆಯೆಲ್ಲ ಸಲಕರಣೆಗಳನ್ನು ಹದಗೊಳಿಸುವ, ಅದೃಷ್ಟವನ್ನೂ ಬೇಡುವ ಕೆಲಸಕ್ಕೆ ಗಂಟುಬೀಳುತ್ತದೆ. ಮೊದಲ ವಾರದ ರಭಸವನ್ನು ನೋಡಿ ಅದಕ್ಕೆ ಹಣ ಸುರಿಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ತೂಗಿ ನೋಡುವ ಮೊದಲು

ಸಾಧನದ ಮಾತು ಚಿಕ್ಕದಾದರೂ ನಿರ್ಣಾಯಕ. ವಾರ್‌ಕ್ರಾಫ್ಟ್ ಮತ್ತು ಗಿಲ್ಡ್ ವಾರ್ಸ್ 2 ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯುತ್ತವೆ. ಫೈನಲ್ ಫ್ಯಾಂಟಸಿ ಮತ್ತು ಎಲ್ಡರ್ ಸ್ಕ್ರೋಲ್ಸ್ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲೂ ಸಿಗುತ್ತವೆ. ಫೈನಲ್ ಫ್ಯಾಂಟಸಿಯ ಕಂಟ್ರೋಲರ್ ವ್ಯವಸ್ಥೆ ಎಷ್ಟು ಚೆನ್ನಾಗಿದೆಯೆಂದರೆ ಕೀಬೋರ್ಡ್ ಇಲ್ಲದೆಯೂ ಕೊರತೆ ಎನಿಸುವುದಿಲ್ಲ. ರೂನ್‌ಸ್ಕೇಪ್ 2018ರಿಂದ ಫೋನಿನಲ್ಲೂ ಅದೇ ಖಾತೆಯಲ್ಲಿ ಆಡಲು ಬರುತ್ತದೆ, ಹಳೆಯ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತದೆ. ಇಂಟರ್‌ನೆಟ್ ತಡವರಿಸುವ ಕಡೆ ಇರುವವರು ಮೊದಲ ಗಂಟೆಯಲ್ಲೇ ಅದರ ಪರಿಣಾಮವನ್ನು ಗಮನಿಸಬೇಕು: ಉರುಳಿ ತಪ್ಪಿಸಿಕೊಳ್ಳಬೇಕಾದ ಗಿಲ್ಡ್ ವಾರ್ಸ್ ಮತ್ತು ಎಲ್ಡರ್ ಸ್ಕ್ರೋಲ್ಸ್‌ಗಳಲ್ಲಿ ವಿಳಂಬ ಹೆಚ್ಚು ಕಾಡುತ್ತದೆ, 0.6 ಸೆಕೆಂಡಿನ ತಾಳದ ರೂನ್‌ಸ್ಕೇಪ್‌ನಲ್ಲಿ ಅಷ್ಟು ಕಾಡುವುದಿಲ್ಲ.

ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ನನ್ನ ಉತ್ತರ ಗಿಲ್ಡ್ ವಾರ್ಸ್ 2. ಅದು ಎಲ್ಲಕ್ಕಿಂತ ಶ್ರೇಷ್ಠ ಎಂದು ಈ ಮಾತಿನ ಅರ್ಥವಲ್ಲ. ಒಂದು ಸಂಜೆಯಲ್ಲಿ, ಹಣ ಕೊಡದೆ, ಸುಳ್ಳಿಲ್ಲದ ಉತ್ತರ ಸಿಗುವುದು ಅಲ್ಲಿ. ಅಲ್ಲಿನ ಅಲೆದಾಟ ಹಿಡಿಸಿ ಕಥೆ ಸಾಲದು ಎನಿಸಿದರೆ ಎಲ್ಡರ್ ಸ್ಕ್ರೋಲ್ಸ್ ನೋಡಿ. ಅಲೆದಾಟವೇ ಗುರಿಯಿಲ್ಲದ್ದಾಗಿ ಕಂಡು, ಗಟ್ಟಿ ತಂಡದೊಡನೆ ಕಠಿಣ ಕಾದಾಟಗಳನ್ನು ಗೆಲ್ಲುವ ಆಸೆ ಇದ್ದರೆ ವಾರ್‌ಕ್ರಾಫ್ಟ್‌ಗೆ ಹೋಗಿ, ಆದರೆ ಒಂದು ತಿಂಗಳ ಚಂದಾ ಕಟ್ಟಿ ಕೆಲವು ಡಂಜನ್‌ಗಳನ್ನು ಆಡುವ ತನಕ ತೀರ್ಪು ಕೊಡಬೇಡಿ. ಒಂಟಿತನ, ನಿಧಾನ, ಲೆಕ್ಕಾಚಾರ ಇಷ್ಟವಾದರೆ ರೂನ್‌ಸ್ಕೇಪ್.

ಫೈನಲ್ ಫ್ಯಾಂಟಸಿಗೆ ಬೇರೆಯೇ ಅಳತೆ ಬೇಕು. ಹತ್ತು ಗಂಟೆಯ ಬದಲು ಹೆವೆನ್ಸ್‌ವರ್ಡ್‌ನ ಮೊದಲ ನಗರ ಕಾಣುವವರೆಗೆ, ಆತುರವಿಲ್ಲದೆ, ವಾರಕ್ಕೆ ಒಂದೆರಡು ಸಂಜೆಯಂತೆ ಆಡಿ. 2023ರ ಅಕ್ಟೋಬರ್‌ನಲ್ಲಿ ಅದರ ಉಚಿತ ಪ್ರಯೋಗವನ್ನು 70ನೆಯ ಲೆವೆಲ್‌ವರೆಗೆ, ಎರಡು ಎಕ್ಸ್‌ಪ್ಯಾನ್ಶನ್‌ಗಳನ್ನೂ ಸೇರಿಸಿ ವಿಸ್ತರಿಸಿದರು, ಅದಕ್ಕೆ ದಿನಗಳ ಗಡುವಿಲ್ಲ. ಮಾರುಕಟ್ಟೆಯಲ್ಲಿ ಕೊಳ್ಳುವುದು, ಫ್ರೀ ಕಂಪನಿ ಎಂಬ ಆಟಗಾರರ ಕಾಯಂ ಸಂಘ ಸೇರುವುದು, ತಾನಾಗಿ ತಂಡ ಕಟ್ಟುವುದು ಇಂಥವಕ್ಕೆ ಅಲ್ಲಿ ಅವಕಾಶವಿಲ್ಲ. ಕೂಡಿಡಬಹುದಾದ ಹಣಕ್ಕೂ 3,00,000 ಗಿಲ್‌ಗಳ ಮಿತಿ ಇದೆ. ಕಥೆ ಓದಲು ಬಂದವರಿಗೆ ಇವು ಯಾವುವೂ ಅಡ್ಡಿಯಲ್ಲ. ಆದರೆ ಪೂರ್ಣ ಆವೃತ್ತಿಯನ್ನು ಒಮ್ಮೆ ಕೊಂಡ ಖಾತೆ ಮತ್ತೆ ಉಚಿತ ಪ್ರಯೋಗಕ್ಕೆ ಮರಳುವುದಿಲ್ಲ, ಜೊತೆಗೆ ಬರುವ ಅವಧಿ ಮುಗಿದ ಮೇಲೆ ಚಂದಾ ಕಟ್ಟಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಆದ್ದರಿಂದ ರಿಯಾಯಿತಿಯ ಪ್ರಕಟಣೆ ಕಂಡ ಕೂಡಲೇ ಕೊಳ್ಳಬೇಡಿ. ಉಚಿತ ಭಾಗದ ಕಥೆ ಕೊನೆ ಮುಟ್ಟಿ, ಮುಂದೇನಾಯಿತು ಎಂದು ತಿಳಿಯದೆ ಇರಲಾಗದು ಎಂಬ ದಿನ ಬಂದಾಗ ಕೊಳ್ಳಿ.